ಹತ್ತು ರೂಪಾಯಿಗೆ ಐದು ಗೇಮು

ಕೀಪ್ಯಾಡ್ ನೋಡಿ ಜಾತಕ ಹೇಳುವುದು ನನಗೆ ಬರುತ್ತಿತ್ತು. ಫೋನನ್ನು ಆನ್ ಕೂಡ ಮಾಡಬೇಕಿರಲಿಲ್ಲ. ಗಿರಾಕಿ ಅದನ್ನು ಗಾಜಿನ ಕೌಂಟರ್ ಮೇಲೆ ಇಟ್ಟರೆ ಸಾಕು. 2, 4, 6, 8 ನಾಲ್ಕೂ ಅಂಕಿ ಸಮನಾಗಿ ಅಳಿಸಿದ್ದರೆ ಹಾವಿನ ಆಟದವನು. 5 ಮಾತ್ರ ಬೋಳಾಗಿದ್ದರೆ ಗುಂಡು ಹಾರಿಸುವವನು. 4 ಮತ್ತು 6 ಸವೆದು, 2 ಒಳಕ್ಕೆ ಕುಸಿದಿದ್ದರೆ ಬೌನ್ಸ್ ಆಡುವವನು. ಅದರಲ್ಲಿ ಕೆಂಪು ಚೆಂಡನ್ನು ಎಗರಿಸುತ್ತಲೇ ಇರಬೇಕಲ್ಲ. 7 ಸವೆದಿದ್ದರೆ ಅವನು ಆಟದವನೇ ಅಲ್ಲ, ಲವ್ ಮಾಡ್ತಿದ್ದಾನೆ ಅಂತ ಲೆಕ್ಕ. ಇಂಗ್ಲಿಷಿನ ಎಸ್ ಅಕ್ಷರ ಬರಬೇಕಾದರೆ 7ನ್ನು ನಾಲ್ಕು ಸಲ ಒತ್ತಬೇಕಿತ್ತು. 'ಮಿಸ್ ಯೂ' ಅಂತ ಒಂದು ಸಲ ಬರೆದರೆ ಎರಡು ಎಸ್, ಎಂಟು ಒತ್ತು. ರಾತ್ರಿಯೆಲ್ಲಾ ಮೆಸೇಜ್ ಮಾಡುವವರ ಕೈಯಲ್ಲಿ ಪಾಪ, ಆ ಕೀ ಎಷ್ಟು ದಿನ ತಡೆದೀತು?

ಇದು 2007ರಿಂದ 2010ರವರೆಗಿನ ಮಾತು. ನಾನು ಮಂಡ್ಯದಲ್ಲಿ ಡಿಗ್ರಿ ಓದುತ್ತಿದ್ದೆ. ಕಾಲೇಜು ಮುಗಿಸಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಮೊಬೈಲ್ ಅಂಗಡಿಯಲ್ಲಿ ಕೂರುತ್ತಿದ್ದೆ. ಊರಿಗೆ ಕೊನೆ ಬಸ್ಸು ಬರುವವರೆಗೆ ಅದೇ ಕೆಲಸ. ಅಂಗಡಿ ಎಂದರೆ ದೊಡ್ಡದೇನಲ್ಲ, ಇಬ್ಬರು ನಿಂತರೆ ಮೂರನೆಯವನು ರಸ್ತೆಯಲ್ಲಿ. ಸಿಮ್ಮು, ಕರೆನ್ಸಿ, ಪೌಚು, ಚಾರ್ಜರ್ರು. ಒಂದು ಮೂಲೆಯಲ್ಲಿ ಹಳೇ ಕಂಪ್ಯೂಟರ್, ಅದಕ್ಕೊಂದು ಕಾರ್ಡ್ ರೀಡರ್. ಗೋಡೆಯ ಮೇಲೆ ನಾನೇ ಬರೆದು ಅಂಟಿಸಿದ್ದ ಹಾಳೆ: 'ಹಾಡು, ಗೇಮ್ ಹಾಕಿಕೊಡಲಾಗುವುದು. 10 ರೂ.ಗೆ 5 ಗೇಮ್.'

ಆ ಗೇಮುಗಳೆಲ್ಲಾ ನಮಗೆ ಪುಕ್ಕಟೆ ಸಿಕ್ಕಿದ್ದವು. ಪುಕ್ಕಟೆ ಸಿಕ್ಕಿದ್ದನ್ನು ಹತ್ತು ರೂಪಾಯಿಗೆ ಮಾರುವುದು ತಪ್ಪಲ್ವಾ ಅಂತ ಒಂದು ಸಲ ನಮ್ಮ ಓನರನ್ನು ಕೇಳಿದೆ. 'ನೀನು ಹತ್ತು ರೂಪಾಯಿ ತಗೊಳ್ತಾ ಇರೋದು ಗೇಮಿಗಲ್ಲ ಕಣಯ್ಯ, ಕರೆಂಟಿಗೆ' ಅಂದ. ಕರೆಂಟು ಇದ್ದರೆ ತಾನೇ! ಸಂಜೆ ಒಂದು ಗಂಟೆ ಲೋಡ್ ಶೆಡ್ಡಿಂಗ್. ಆ ಹೊತ್ತಲ್ಲಿ ನಾಲ್ಕೈದು ಜನ ಮೆಮೊರಿ ಕಾರ್ಡ್ ಹಿಡಿದುಕೊಂಡು, ಗಿರಣಿ ಮುಂದೆ ರಾಗಿ ಚೀಲ ಇಟ್ಟುಕೊಂಡು ಕೂತವರ ಹಾಗೆ ಕಾಯುತ್ತಿದ್ದರು.

ಫೋನಿನ ಜೊತೆಗೇ ಬರುತ್ತಿದ್ದ ಆಟಗಳು ಬೇರೆ, ನಾವು ಹಾಕುತ್ತಿದ್ದವು ಬೇರೆ. ನಾವು ಹಾಕುತ್ತಿದ್ದುದು ಜಾವಾ ಆಟಗಳು. ಒಂದೊಂದೂ ಒಂದೊಂದು ಜಾರ್ ಫೈಲು. ಜಾರ್ ಎಂದರೆ ಉಪ್ಪಿನಕಾಯಿ ಜಾಡಿ ಅಂತಲೇ ಹೇಳಿಕೊಡುತ್ತಿದ್ದೆ ನಾನು: ಚಿತ್ರ, ಸದ್ದು, ಲೆಕ್ಕಾಚಾರ ಎಲ್ಲವನ್ನೂ ಒಂದರಲ್ಲೇ ತುಂಬಿ ಮುಚ್ಚಳ ಹಾಕಿರುತ್ತಾರೆ. ಒಂದು ಆಟ ಇನ್ನೂರು, ಮುನ್ನೂರು ಕೆಬಿ. ಈಗ ಬೆಳಗ್ಗೆ ಎದ್ದ ಕೂಡಲೇ ವಾಟ್ಸಾಪಿನಲ್ಲಿ ಬರುವ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಇರುತ್ತಲ್ಲ, ಕೆಲವು ಸಲ ಅದೇ ಅಷ್ಟು ತೂಗುತ್ತದೆ. ಅಷ್ಟರಲ್ಲಿ ಅವರು ಒಂದು ಪೂರ್ತಿ ಗುಹೆ ಕಟ್ಟಿ, ಅದರೊಳಗೆ ವಜ್ರ ಬಚ್ಚಿಟ್ಟು, ಮೇಲಿಂದ ಬಂಡೆ ಉರುಳಿಸುತ್ತಿದ್ದರು. ಡೈಮಂಡ್ ರಶ್ ಆಡಿದವರಿಗೆ ನಾನು ಹೇಳುತ್ತಿರುವುದು ಗೊತ್ತಾಗುತ್ತದೆ. ಕಾಂಬೋಡಿಯಾದ ಹಳೇ ದೇವಸ್ಥಾನ ಅಂಕೋರ್ ವಾಟ್‌ನ ಹೆಸರನ್ನು ನಾನು ಮೊದಲು ಓದಿದ್ದು ಇತಿಹಾಸದ ಪುಸ್ತಕದಲ್ಲಲ್ಲ, ಆ ಆಟದಲ್ಲಿ.

ಗೇಮ್ ಹಾಕುವುದು ನೀವು ಅಂದುಕೊಂಡಷ್ಟು ಸುಲಭವಲ್ಲ. ಒಂದೊಂದು ಫೋನಿನ ಪರದೆ ಒಂದೊಂದು ಅಳತೆ. 128 ಇಂಟು 128, 128 ಇಂಟು 160, 176 ಇಂಟು 208, 176 ಇಂಟು 220, 240 ಇಂಟು 320. ಒಂದೇ ಆಟವನ್ನು ಕಂಪನಿಯವರು ಎಲ್ಲಾ ಅಳತೆಗೂ ಬೇರೆ ಬೇರೆ ಹೊಲಿಯಬೇಕಿತ್ತು, ಸ್ಕೂಲ್ ಯೂನಿಫಾರಂ ಹೊಲಿದ ಹಾಗೆ. ನಮ್ಮ ಕಂಪ್ಯೂಟರಿನಲ್ಲಿ ಫೋಲ್ಡರುಗಳ ಹೆಸರೂ ಆ ಅಳತೆಗಳೇ. ಫೋನ್ ನೋಡಿದ ತಕ್ಷಣ ಯಾವ ಫೋಲ್ಡರ್ ಅಂತ ಬಾಯಿಗೆ ಬರುತ್ತಿತ್ತು. ನೋಕಿಯಾ 6600 ಅಂದರೆ 176 ಇಂಟು 208. 6300 ಅಂದರೆ 240 ಇಂಟು 320. ತಪ್ಪಿ ಬೇರೆಯದು ಹಾಕಿದಿರೋ, ಆಟ ಪರದೆಯ ಮೂಲೆಯಲ್ಲಿ ಅಂಚೆ ಚೀಟಿಯಷ್ಟಾಗಿ ಕೂರುತ್ತಿತ್ತು. ಇಲ್ಲ, ಅರ್ಧ ಹೊರಗೆ ಹೋಗಿಬಿಡುತ್ತಿತ್ತು. ಒಬ್ಬ ಪಿಯು ಹುಡುಗ ಎರಡು ದಿನ ಬಿಟ್ಟು ಬಂದು, 'ಅಣ್ಣ, ಕಾರೇನೋ ಓಡ್ತದೆ, ರೋಡೇ ಕಾಣಕಿಲ್ಲ' ಅಂದಿದ್ದ. ಎರಡು ದಿನ ಅವನು ರೋಡಿಲ್ಲದೆಯೇ ಓಡಿಸಿದ್ದನಂತೆ! ಮೂರನೇ ನಂಬರೂ ಬಂದಿದ್ದನಂತೆ.

'ಬ್ಲೂಟೂತ್ ಇತ್ತಲ್ಲ, ಫ್ರೆಂಡ್ ಹತ್ತಿರ ತಗೋಬಹುದಿತ್ತಲ್ಲ' ಅಂತ ಈಗಿನ ಹುಡುಗರು ಕೇಳಬಹುದು. ತಗೋತಿದ್ದರು. ಆದರೆ ಒಂದು ತೊಡಕಿತ್ತು. ಒಮ್ಮೆ ಇನ್‌ಸ್ಟಾಲ್ ಆದ ಆಟವನ್ನು ಹಾಗೇ ಇನ್ನೊಬ್ಬರಿಗೆ ದಾಟಿಸಲು ಬಹಳಷ್ಟು ನೋಕಿಯಾ ಸೆಟ್‌ಗಳು ಬಿಡುತ್ತಿರಲಿಲ್ಲ. ಮೂಲ ಜಾರ್ ಫೈಲೇ ಕಾರ್ಡಿನಲ್ಲಿ ಇರಬೇಕಿತ್ತು. ಆ ಜಾರ್ ಇದ್ದವನೇ ಕ್ಲಾಸಿನಲ್ಲಿ ರಾಜ. ನಮ್ಮ ಅಂಗಡಿ ನಡೆಯುತ್ತಿದ್ದುದೂ ಅದೇ ಬಲದ ಮೇಲೆ.

ನಮಗೆ ಎಲ್ಲಿಂದ ಬರುತ್ತಿತ್ತು? ರಾತ್ರಿ ಊರಿಗೆ ಹೋದ ಮೇಲೆ ನಾನೇ ಇಳಿಸುತ್ತಿದ್ದೆ. ಕೆರಗೋಡು ಕಡೆಯ ನಮ್ಮೂರಿನಲ್ಲಿ ಟವರು ಸಿಗುತ್ತಿದ್ದುದು ಮಾಳಿಗೆಯ ಮೇಲೆ, ಅದರಲ್ಲೂ ತೆಂಗಿನಮರದ ಕಡೆಯ ಮೂಲೆಯಲ್ಲಿ. ಅಲ್ಲಿ ಕೂತು ಒಪೇರಾ ಮಿನಿ ಅನ್ನೋ ಬ್ರೌಸರ್ ತೆರೆಯುವುದು. ವಾಪ್‌ಟ್ರಿಕ್, ಗೆಟ್‌ಜಾರ್, ಮೊಬೈಲ್9, ಈ ವೆಬ್‌ಸೈಟುಗಳೇ ನಮ್ಮ ತವರುಮನೆಗಳು. ಒಪೇರಾ ಮಿನಿ ಪುಟವನ್ನು ತನ್ನ ಸರ್ವರಿನಲ್ಲೇ ಹಿಂಡಿ, ಸಣ್ಣದು ಮಾಡಿ ಕಳಿಸುತ್ತಿತ್ತು. ಹಾಗಾಗಿ ಪುಟ ನೋಡುವುದಕ್ಕೆ ದುಡ್ಡು ಜಾಸ್ತಿ ಹೋಗುತ್ತಿರಲಿಲ್ಲ. ಆದರೆ ಆಟ ಇಳಿಸುವಾಗ ಹಿಂಡುವುದಕ್ಕೆ ಏನೂ ಇರಲಿಲ್ಲ. ನನ್ನ ಸಿಮ್ಮಿನಲ್ಲಿ ಹತ್ತು ಕೆಬಿಗೆ ಹತ್ತು ಪೈಸೆ. ಮುನ್ನೂರು ಕೆಬಿಯ ಆಟಕ್ಕೆ ಮೂರು ರೂಪಾಯಿ. ತೊಂಬತ್ತು ಪರ್ಸೆಂಟಿಗೆ ಬಂದು ಟವರ್ ಹೋದರೆ ಆ ಮೂರು ರೂಪಾಯಿ ನಾಲೆಗೆ ಹಾಕಿದಂತೆ. ಮತ್ತೆ ಮೊದಲಿಂದ. ಮಾಳಿಗೆ ಮೇಲೆ ಫೋನ್ ಎತ್ತಿ ಹಿಡಿದು ಅಲ್ಲಾಡದೆ ನಿಂತ ನನ್ನನ್ನು ನೋಡಿ ಪಕ್ಕದ ಮನೆಯ ಅಜ್ಜಿ, 'ಯಾವ ದೇವ್ರುಗ್ಲಾ ಆರತಿ ಎತ್ತಿದ್ದೀಯ' ಅಂತ ಕೇಳುತ್ತಿತ್ತು.

ಈ ಆಟಗಳನ್ನು ಮಾಡಿದವರು ಮಾರಲಿಕ್ಕೆ ಅಂತಲೇ ಮಾಡಿದ್ದರು ಅನ್ನುವುದು ಆಗ ನನ್ನ ತಲೆಗೇ ಬಂದಿರಲಿಲ್ಲ. ಆಟ ಶುರುವಾಗುವಾಗ ಗೇಮ್‌ಲಾಫ್ಟ್ ಅನ್ನೋ ಹೆಸರು ಬರುತ್ತಿತ್ತಲ್ಲ, ಅದು ಫ್ರಾನ್ಸಿನ ಕಂಪನಿ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ನಮ್ಮಲ್ಲೇ ಮುಂಬೈಯ ಇಂಡಿಯಾಗೇಮ್ಸ್‌ನವರೂ ಕ್ರಿಕೆಟ್ಟು, ಸಿನಿಮಾ ಅಂತ ಮೊಬೈಲ್ ಆಟ ಮಾಡುತ್ತಿದ್ದರು. ನಾನು ಅವರೆಲ್ಲರ ಬೆವರನ್ನು ಹತ್ತು ರೂಪಾಯಿಗೆ ಐದರಂತೆ ಹಂಚಿಬಿಟ್ಟಿದ್ದೇನೆ. ಸಮಜಾಯಿಷಿ ಏನೂ ಇಲ್ಲ. ಕೊಂಡು ಆಡೋಣ ಅಂದರೂ ದಾರಿ ಅಷ್ಟು ನೆಟ್ಟಗಿರಲಿಲ್ಲ ಅನ್ನುವುದೂ ನಿಜ. ಸಿಮ್ ಕಂಪನಿಯ ಮೆನುವಿಗೇ ಹೋಗಬೇಕು, ಕರೆನ್ಸಿಯಿಂದಲೇ ಮುರಿದುಕೊಳ್ಳುತ್ತಾರೆ. ಅಲ್ಲಿ ಏನು ಒತ್ತಿದರೆ ಏನಾಗುತ್ತದೆ ಅಂತ ಹೇಳುವವರಿಲ್ಲ.

ಆ ಮೆನುವಿನ ಕಥೆ ಹೇಳಲೇಬೇಕು. 'ಫ್ರೀ ಗೇಮ್! ಈಗಲೇ ಒತ್ತಿ' ಅಂತ ಮೆಸೇಜ್ ಬರುತ್ತಿತ್ತು. ಒತ್ತಿದರೆ ಮುಗಿಯಿತು. ಮಾರನೇ ದಿನದಿಂದ ಕರೆನ್ಸಿ ಸೋರುವ ಕೊಡದ ಹಾಗೆ. ಮೂವತ್ತು ರೂಪಾಯಿ ಹಾಕಿಸಿಕೊಂಡು ಹೋದ ಹೆಂಗಸು ಸಂಜೆಗೆ ಬಂದು, 'ಮಗಳಿಗೆ ಒಂದು ಫೋನ್ ಮಾಡ್ನಿಲ್ಲ, ದುಡ್ಡೆಲ್ಲೋಯ್ತು? ನೀನೇ ಹಾಕ್ನಿಲ್ವೇನೋ' ಅಂತ ಜಗಳಕ್ಕೆ ನಿಲ್ಲುತ್ತಿದ್ದಳು. ನಾನು ಕಂಪನಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಸಂಗೀತ. ಆ ಹೆಂಗಸಿನ ಮನೆಯಲ್ಲಿ ಒತ್ತಿದ್ದು ಯಾರು ಅಂದರೆ ಆರು ವರ್ಷದ ಮೊಮ್ಮಗ. ಓನರಿಗೆ ಗೊತ್ತಾಗದ ಹಾಗೆ ಹತ್ತು ರೂಪಾಯಿ ಕರೆನ್ಸಿ ನನ್ನ ಕೈಯಿಂದ ಹಾಕಿದೆ. 2013ರ ಜುಲೈನಲ್ಲಿ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್ ಒಂದು ಆದೇಶ ಹೊರಡಿಸಿತು. ಇಂಥ ಸೇವೆ ಶುರು ಮಾಡುವ ಮುಂಚೆ ಗಿರಾಕಿಯಿಂದ ಎರಡು ಸಲ ಒಪ್ಪಿಗೆ ಪಡೆಯಬೇಕು ಅಂತ. ಅಷ್ಟೊತ್ತಿಗೆ ನಾನು ಅಂಗಡಿ ಬಿಟ್ಟು ಮೂರು ವರ್ಷ ಆಗಿತ್ತು. ಪೇಪರಿನಲ್ಲಿ ಓದಿ, ಈ ಆದೇಶ ಆಗಲೇ ಬಂದಿದ್ದರೆ ಎಷ್ಟು ಬೈಗುಳ ಉಳಿಯುತ್ತಿತ್ತು ಅಂದುಕೊಂಡೆ.

ಚೈನಾ ಸೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಲ್ಕು ಸ್ಪೀಕರು, ಎರಡು ಸಿಮ್ಮು, ಹಬ್ಬದ ಮೈಕಿನಂಥ ಸದ್ದು. ಜಾವಾ ಆಟ ಹಾಕಿದರೆ ಒಂದು ಓಡಿದರೆ ಒಂದು ಇಲ್ಲ. ಐಎಂಇಐ ನಂಬರ್, ಅಂದರೆ ಒಂದೊಂದು ಫೋನಿಗೂ ಇರಬೇಕಾದ ಗುರುತಿನ ನಂಬರ್, ಇಲ್ಲದ ಫೋನುಗಳನ್ನು ಬಂದ್ ಮಾಡಿಸಿದರಲ್ಲ, 2009ರ ಡಿಸೆಂಬರ್ ಶುರುವಿನಲ್ಲಿ, ಆಗ ಅವು ಒಂದೇ ರಾತ್ರಿಗೆ ಹಾಡು ಹೇಳುವ ಪೆಟ್ಟಿಗೆಗಳಾಗಿ ಕೂತವು.

ಹದಿನೈದು ದಿನಕ್ಕೊಂದು ಸಲ ಸಾಮಾನು ತರಲು ಓನರು ನನ್ನನ್ನು ಮೈಸೂರಿಗೆ ಕಳಿಸುತ್ತಿದ್ದ. ನನಗೆ ಅದು ಹಬ್ಬ. ಬಸ್ಸಿಗೆ ಅಂತ ದುಡ್ಡು ಕೊಡುತ್ತಿದ್ದ, ನಾನು ಪ್ಯಾಸೆಂಜರ್ ರೈಲಿಗೆ ಹೋಗಿ ಮಿಕ್ಕಿದ್ದರಲ್ಲಿ ಮಸಾಲೆ ದೋಸೆ ತಿನ್ನುತ್ತಿದ್ದೆ. ಮಂಡ್ಯದಿಂದ ಮೈಸೂರು 45 ಕಿಲೋಮೀಟರು. ಆಗ ಒಂಟಿ ಹಳಿ. ಎದುರಿಂದ ಎಕ್ಸ್‌ಪ್ರೆಸ್ ಬರುವುದಿದ್ದರೆ ನಮ್ಮ ಪ್ಯಾಸೆಂಜರನ್ನು ಪಾಂಡವಪುರದಲ್ಲೋ ಶ್ರೀರಂಗಪಟ್ಟಣದಲ್ಲೋ ನಿಲ್ಲಿಸಿಬಿಡುತ್ತಿದ್ದರು. 'ಕ್ರಾಸಿಂಗ್' ಅಂತ ಯಾರೋ ಅನ್ನುತ್ತಿದ್ದರು. ಅಂದ ಕೂಡಲೇ ಬೋಗಿಯಲ್ಲಿ ಟಿಕ್ ಟಿಕ್ ಶುರು.

ಬ್ಲೂಟೂತ್ ಆನ್ ಮಾಡಿ ಹುಡುಕಿದರೆ ಸುತ್ತ ಹತ್ತು ಮೀಟರಿನಲ್ಲಿ ಇದ್ದವರೆಲ್ಲಾ ಹೆಸರಿನ ಸಮೇತ ಬರುತ್ತಿದ್ದರು. ರಾಯಲ್ ಗೌಡ, ಕಿಲಾಡಿ, ಸಿಂಹದ ಮರಿ, 'ಕೇಳ್ಬೇಡ ಕಳ್ಸಲ್ಲ'. ಈ 'ಕೇಳ್ಬೇಡ ಕಳ್ಸಲ್ಲ' ಯಾರು ಅಂತ ಒಂದು ಸಲ ಕಣ್ಣಲ್ಲೇ ಹುಡುಕಿದೆ. ಕೊನೆಗೆ ನೋಡಿದರೆ ಎದುರು ಸೀಟಿನಲ್ಲಿ ಟಿಫಿನ್ ಡಬ್ಬಿ ತೊಡೆ ಮೇಲಿಟ್ಟುಕೊಂಡು ಕೂತಿದ್ದ, ಐವತ್ತು ದಾಟಿದ ಗುಮಾಸ್ತರಂಥ ಮನುಷ್ಯ. ಸುಮ್ನೆ ಒಂದು ಆಟ ಕಳಿಸಿದೆ. ಅವರು ಫೋನನ್ನು ದೂರ ಹಿಡಿದು, ಕನ್ನಡಕ ಹಣೆಗೇರಿಸಿ ನೋಡಿದರು. ತಗೊಂಡರು. ಸ್ವಲ್ಪ ಹೊತ್ತಿಗೆ ನನ್ನ ಫೋನಿಗೆ ಅವರಿಂದ ಒಂದು ಜಾರ್ ಬಂತು, ಚೆಸ್ಸು. ಮೈಸೂರು ಬರುವವರೆಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಇಳಿಯುವಾಗ 'ಲೆವೆಲ್ ಮೂರು ಕಷ್ಟ ಇದೆ' ಅಂದರು, ಅಷ್ಟೇ.

ಅದಕ್ಕೂ ಮುಂಚಿನ ಇನ್‌ಫ್ರಾರೆಡ್ ನೆನಪಿದೆಯಾ ನಿಮಗೆ? ಎರಡು ಫೋನನ್ನೂ ಮೂತಿಗೆ ಮೂತಿ ಇಟ್ಟು ಅಲ್ಲಾಡಿಸದೆ ಕೂರಬೇಕು, ಗೋದಲಿಯಲ್ಲಿ ಎರಡು ಎತ್ತು ಮೂಸಿಕೊಂಡ ಹಾಗೆ. ರೈಲಿನಲ್ಲಂತೂ ಅದು ಆಗದ ಮಾತು.

ಶ್ರೀರಂಗಪಟ್ಟಣದ ಹತ್ತಿರ ಟಿಪ್ಪುವಿನ ಮದ್ದಿನ ಮನೆ ಹೊಸ ಹಳಿಗೆ ಅಡ್ಡ ಬರುತ್ತಿತ್ತು. 2017ರಲ್ಲಿ ಅದನ್ನು ಒಡೆಯದೆ, ಇಡೀ ಕಟ್ಟಡವನ್ನೇ ಜರುಗಿಸಿ ಬೇರೆ ಕಡೆ ಕೂರಿಸಿದರು. ಈಗ ಜೋಡಿ ಹಳಿ, ಕ್ರಾಸಿಂಗಿಗೆ ನಿಲ್ಲುವುದಿಲ್ಲ. ನಿಂತರೂ ಯಾರ ಪಕ್ಕ ಯಾರು ಕೂತಿದ್ದಾರೆ ಅಂತ ಹುಡುಕುವ ಅಗತ್ಯ ಯಾರಿಗೂ ಇಲ್ಲ.

ಇಷ್ಟೆಲ್ಲಾ ಆಟ ಊರಿಗೆಲ್ಲಾ ಹಾಕಿಕೊಟ್ಟ ನಾನು, ಒಂದು ಫೋನಿಗೆ ಮಾತ್ರ ಏನೂ ಹಾಕಲು ಆಗಲಿಲ್ಲ. ನಮ್ಮಪ್ಪನ ಫೋನು.

ಅಪ್ಪನದು ನೋಕಿಯಾ 1100. ಅದರಲ್ಲಿ ಜಾವಾ ಇಲ್ಲ, ಮೆಮೊರಿ ಕಾರ್ಡ್ ಇಲ್ಲ, ಬ್ಲೂಟೂತ್ ಇಲ್ಲ. 96 ಇಂಟು 65 ಚುಕ್ಕಿಗಳ ಕಪ್ಪು ಬಿಳುಪು ಪರದೆ. ಎರಡೇ ಆಟ, ಸ್ನೇಕ್ 2 ಮತ್ತು ಸ್ಪೇಸ್ ಇಂಪ್ಯಾಕ್ಟ್. ಅವು ಮಾತ್ರ ಯಾರ ಹಂಗೂ ಇಲ್ಲದ ಪುಕ್ಕಟೆ. ಡಬ್ಬ ತೆಗೆದರೆ ಚಾರ್ಜರ್ ಹೇಗೆ ಇರುತ್ತದೋ ಹಾಗೆ ಒಳಗೇ ಇದ್ದವು. 2003ರಲ್ಲಿ ಬಂದ ಆ ಫೋನು ಜಗತ್ತಿನಾದ್ಯಂತ ಇಪ್ಪತ್ತೈದು ಕೋಟಿ ಮಾರಿತು. ಯಾಕೆ ಅಂತ ನಮ್ಮ ಊರಿನವರನ್ನು ಕೇಳಿದರೆ ಸಾಕು. ಟಾರ್ಚ್. ಮತ್ತೆ ಧೂಳು ಒಳಗೆ ಹೋಗದ, ಒಂದೇ ತುಂಡಿನ ರಬ್ಬರ್ ಕೀಪ್ಯಾಡ್.

ತ್ರೀ ಫೇಸ್ ಕರೆಂಟು ಕೊಡುತ್ತಿದ್ದುದು ರಾತ್ರಿ. ಹನ್ನೆರಡಕ್ಕೋ ಎರಡಕ್ಕೋ ಎದ್ದು ಹೋಗಿ ಮೋಟಾರು ಹಾಕಬೇಕು. ಅಪ್ಪ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ 1100 ಹಿಡಿದು ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದ. ಟಾರ್ಚು ಹಾವು ನೋಡುವುದಕ್ಕೆ. ನಿಜವಾದ ಹಾವು. ಪಂಪ್‌ಹೌಸ್ ಕಟ್ಟೆಯ ಮೇಲೆ ಕೂತ ಮೇಲೆ ಇನ್ನೊಂದು ಹಾವು. 'ಇದೊಂದು ಕಚ್ಚೋ ಹಾವಲ್ಲ ಬುಡು' ಅನ್ನುತ್ತಿದ್ದ.

ಕಬ್ಬು ಅರೆಯುವ ಕಾಲ ಬಂದರೆ ಕಾರ್ಖಾನೆ ಮುಂದೆ ಗಾಡಿಗಳ ಸಾಲು. ಒಂದು ರಾತ್ರಿ, ಕೆಲವು ಸಲ ಎರಡು ರಾತ್ರಿ. ನಿಂತಷ್ಟೂ ಕಬ್ಬು ಒಣಗುತ್ತದೆ, ಒಣಗಿದಷ್ಟೂ ತೂಕ ಇಳಿಯುತ್ತದೆ. ಆ ಸಂಕಟ ಬೇರೆಯವರಿಗೆ ಹೇಳಿದರೆ ತಿಳಿಯುವುದಿಲ್ಲ. ಒಂದು ಸಲ ಅಪ್ಪನಿಗೆ ಊಟ ಕೊಡಲು ರಾತ್ರಿ ಹತ್ತರ ಮೇಲೆ ಹೋಗಿದ್ದೆ. ಸಾಲು ಸಾಲು ಗಾಡಿ, ಕೆಳಗೆ ಮಲಗಿ ಮೆಲುಕು ಹಾಕುತ್ತಿದ್ದ ಎತ್ತುಗಳು, ಕಬ್ಬಿನ ಸಿಪ್ಪೆಯ ಹುಳಿ ವಾಸನೆ. ಆ ಕತ್ತಲಲ್ಲಿ ಅಲ್ಲಲ್ಲಿ ಒಂದೊಂದು ಹಸಿರು ಬೆಳಕು, ಮಿಣುಕುಹುಳದ ಹಾಗೆ. ಎಲ್ಲಾ ಗಾಡಿಯವರೂ ಕಂಬಳಿ ಹೊದ್ದು ಹಾವು ಆಡುತ್ತಿದ್ದರು. ಯಾರೋ ಒಬ್ಬರು 'ಥೂ' ಅಂದರೆ ನಾಲ್ಕು ಗಾಡಿ ಆಚೆಯಿಂದ 'ಎಷ್ಟಾಯ್ತು?' ಅಂತ ಕೂಗು.

ಅಪ್ಪನಿಗೆ ಆ ಆಟದಲ್ಲಿ ಇಷ್ಟವಾಗಿದ್ದು ಒಂದೇ. ಬಲಗಡೆ ಅಂಚಿಗೆ ಹೋದ ಹಾವು ಎಡಗಡೆಯಿಂದ ಒಳಗೆ ಬರುತ್ತಿತ್ತು. 'ನೋಡ್ಲಾ, ಈ ಕಡೆ ಬುಟ್ರೆ ಆ ಕಡೆ ಸರ್ಯಾಗಿ ಬತ್ತದೆ. ನಮ್ ನಾಲೆ ನೀರ್‌ಗಿಂತ ವಾಸಿ' ಅಂದಿದ್ದ. ನಮ್ಮದು ನಾಲೆಯ ಬಾಲದ ಜಮೀನು. ಮೇಲಿನವರು ಕುಡಿಸಿ ಬಿಟ್ಟರೆ ಉಂಟು.

ನೋಕಿಯಾ ಫೋನಿನ ಮೊದಲ ಹಾವಿನ ಆಟವನ್ನು ಬರೆದವರು ತಾನೆಲಿ ಅರ್ಮಾಂಟೊ ಅನ್ನೋ ಫಿನ್ಲೆಂಡಿನ ಎಂಜಿನಿಯರ್. 1997ರ ಕೊನೆಯಲ್ಲಿ ಬಂದ ನೋಕಿಯಾ 6110ಕ್ಕೆ. ಹಾವು ಗೋಡೆಗೆ ಬಡಿಯುವ ಮುಂಚೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಡೆದು, ಆಡುವವನಿಗೆ ತಿರುಗಿಸಲು ಒಂದು ಅವಕಾಶ ಕೊಡುವ ಹಾಗೆ ಅವರು ಬರೆದಿದ್ದರಂತೆ. ಇದನ್ನು ಓದಿ ನನಗೆ ಯಾಕೋ ಬಹಳ ಖುಷಿಯಾಯಿತು. ಹಿಮದ ದೇಶದಲ್ಲಿ ಕೂತು ಒಬ್ಬ ಮನುಷ್ಯ, ಯಾರೋ ಕಾಣದವರಿಗೆ ಅಷ್ಟು ಕನಿಕರ ತೋರಿಸಿದ್ದಾನೆ.

ಅಪ್ಪನ ಫೋನಿನ ಕೀಪ್ಯಾಡ್ ಎರಡು ಸಲ ತೊಳೆದುಕೊಟ್ಟಿದ್ದೆ. 2, 4, 6, 8 ಅಳಿಸಿತ್ತು, ಜಾತಕ ಸರಿಯಾಗಿತ್ತು. ಆದರೆ 6ರ ಸುತ್ತ ಒಂದು ಹಳದಿ ಕಲೆ. ನಮ್ಮ ಅಂಗಡಿಗೆ ಆಲೆಮನೆಯವರ ಫೋನುಗಳು ಬರುತ್ತಿದ್ದವು. ಬೆಲ್ಲದ ಪಾಕ ಮೆತ್ತಿ ಕೀ ಒತ್ತಿದರೆ ಮೇಲೆ ಬರುತ್ತಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಸರಿಹೋಗುತ್ತಿತ್ತು. ಇದೂ ಬೆಲ್ಲವೇ ಅಂದುಕೊಂಡು ಬಿಸಿನೀರಿಗೆ ಹಾಕಿದೆ. ಹೋಗಲಿಲ್ಲ. ಥಿನ್ನರ್ ಹಚ್ಚಿ ಉಜ್ಜಿದೆ. ಕಲೆ ಹೋಗುವ ಬದಲು 6 ಇನ್ನಷ್ಟು ಅಳಿಸಿತು. ಬಿಟ್ಟುಬಿಟ್ಟೆ.

ಈಗ ನಾನು ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತೇನೆ. ಅಪ್ಪನಿಗೆ ನನ್ನ ಹಳೇ ಸ್ಮಾರ್ಟ್‌ಫೋನ್ ಕೊಟ್ಟು, ಒಂದು ಹಾವಿನ ಆಟವನ್ನೂ ಹಾಕಿಕೊಟ್ಟಿದ್ದೆ. ಫ್ರೀ ಅಂತಲೇ ಬರೆದಿತ್ತು. ಒಂದು ವಾರಕ್ಕೆ ಅಪ್ಪ ಫೋನ್ ಮಾಡಿ, 'ಇದ್ಯಾಕ್ಲಾ, ಹಾವು ಸತ್ತೇಟ್ಗೆ ಯಾರೋ ಬಂದು ಸಾಲ ಬೇಕಾ ಅಂತ ಕೇಳ್ತರೆ' ಅಂದ. ಜಾಹೀರಾತು ಮುಚ್ಚುವ ಇಂಟು ಗುರುತು ಎಳ್ಳುಕಾಳಿನಷ್ಟು. ಅಪ್ಪನ ಹೆಬ್ಬೆರಳು ಅದಕ್ಕಿಂತ ಹತ್ತು ಪಟ್ಟು ದಪ್ಪ. ಎಲ್ಲಿ ಒತ್ತಿದರೂ ಯಾವುದೋ ಅಂಗಡಿಗೆ ಹೋಗಿ ನಿಲ್ಲುತ್ತಿತ್ತು. ಆಟವನ್ನು ತೆಗೆಸಿಬಿಟ್ಟ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅಟ್ಟದ ಮೇಲೆ 1100 ಸಿಕ್ಕಿತು. ಬ್ಯಾಟರಿ ಊದಿಕೊಂಡು ಹಿಂದಿನ ಮುಚ್ಚಳವನ್ನೇ ತಳ್ಳಿತ್ತು. ಅದು ಬಿಎಲ್-5ಸಿ. ಈಗಲೂ ಸಿಗುತ್ತದೆ ಅಂದರೆ ನಂಬುತ್ತೀರಾ? ಸಣ್ಣ ಎಫ್‌ಎಂ ರೇಡಿಯೋ, ಭಜನೆ ಹಾಡುವ ಪುಟ್ಟ ಸ್ಪೀಕರು, ಇವಕ್ಕೆಲ್ಲಾ ಅದೇ ಅಳತೆಯ ಬ್ಯಾಟರಿ ಹಾಕುತ್ತಾರೆ. ಮಂಡ್ಯಕ್ಕೆ ಹೋಗಿ ಒಂದು ತಂದೆ. ನಾನು ಕೂರುತ್ತಿದ್ದ ಅಂಗಡಿ ಈಗ ಜ್ಯೂಸ್ ಸೆಂಟರ್. ಸಿಮ್ ಇಲ್ಲದೆ ಆ ಫೋನು ಮೆನು ತೆರೆಯುವುದಿಲ್ಲ. ಈಗಿನ ಉಗುರಿನಷ್ಟು ಸಿಮ್ಮು ಅದರ ಹಲ್ಲಿಗೆ ಸಿಗುವುದಿಲ್ಲ. ಮೇಜಿನ ಡ್ರಾಯರಿನಲ್ಲಿ ಯಾವತ್ತೋ ಸತ್ತ ಒಂದು ದೊಡ್ಡ ಸಿಮ್ ಇತ್ತು, ಅದನ್ನೇ ತುರುಕಿದೆ.

ಪರದೆಯ ಮೇಲೆ ಎರಡು ಕೈ ಹತ್ತಿರ ಬಂದು ಹಿಡಿದುಕೊಂಡವು. ನೋಕಿಯಾದ ಆ ಟ್ಯೂನ್ ಬಂತು. ಜಗುಲಿ ಮೇಲೆ ಕೂತಿದ್ದ ಅಪ್ಪ ತಿರುಗಿ ನೋಡಿದ.

ನೇರ ಸ್ನೇಕ್‌ಗೆ ಹೋಗಿ ಟಾಪ್ ಸ್ಕೋರ್ ತೆಗೆದೆ. 1,284.

'ಅಪ್ಪ, ಸಾವಿರದ ಇನ್ನೂರು ದಾಟಿಸಿದ್ದೀಯ. ಹೇಳೇ ಇರ್ಲಿಲ್ವಲ್ಲ!'

ಅಪ್ಪ ಫೋನ್ ಇಸಕೊಂಡು ದೂರ ಹಿಡಿದು ನೋಡಿದ. 'ನಂದಲ್ಲ ಕಣ್ಲಾ. ನಾನು ಐನೂರು ದಾಟ್ದೋನೇ ಅಲ್ಲ. ನೀನೇ ಆಡಿರ್ಬೇಕು.'

ನಾನು ಆ ಫೋನಿನಲ್ಲಿ ಆಡಿದವನೇ ಅಲ್ಲ. ನನ್ನ ಹತ್ತಿರ ಬಣ್ಣದ ಪರದೆ ಇತ್ತು, ಅದರ ಜಂಬವೂ ಇತ್ತು.

ಅವ್ವ ನಡುಮನೆಯಲ್ಲಿ ಮೊರದ ಮುಂದೆ ಕೂತು ಅವರೆಕಾಳು ಹಿಸುಕುತ್ತಿದ್ದಳು. ತಲೆ ಎತ್ತಲಿಲ್ಲ.

'ಬೆಳಗ್ಗೆ ಎದ್ದು ಮುದ್ದೆಗೆ ಎಸ್ರು ಇಟ್ಟು, ಅದು ಕಾಯೋಗಂಟ ಇನ್ನೇನ್ ಮಾಡ್ಬೇಕಿತ್ತು' ಅಂದಳು. 'ನಿಮ್ಮಪ್ಪ ಫೋನ್ ಚಾರ್ಜಿಗೆ ಹಾಕ್ತಿದ್ದದ್ದು ಒಲೆ ಪಕ್ಕದ ಪ್ಲಗ್ಗಿಗೇ ಅಲ್ವಾ.'

ಅಪ್ಪ ನನ್ನ ಮುಖ ನೋಡಿದ. ನಾನು ಕೀಪ್ಯಾಡ್ ನೋಡಿದೆ. 6ರ ಸುತ್ತ ಆ ಹಳದಿ ಇನ್ನೂ ಇತ್ತು. ಬೆಲ್ಲ ಆಗಿದ್ದರೆ ಬಿಸಿನೀರಿಗೆ ಹೋಗಬೇಕಿತ್ತು. ಅರಿಶಿನ ಎಲ್ಲಿ ಹೋಗುತ್ತದೆ?

'ತತ್ತಾ ಇಲ್ಲಿ' ಅಂತ ಅವ್ವ ಸೆರಗಿಗೆ ಕೈ ಒರೆಸಿಕೊಂಡಳು. ಕನ್ನಡಕ ಹಾಕಿಕೊಳ್ಳಲಿಲ್ಲ, ಕೇಳಲೂ ಇಲ್ಲ. ಹೆಬ್ಬೆರಳು ಸೀದಾ 6ರ ಮೇಲೆ ಹೋಗಿ ಕೂತಿತು.